ಗುಂಡಿ ಒತ್ತಿದರೆ ಎತ್ತುವವರು ಯಾರು?

ನಮ್ಮವರು ನಡೆಸುವ ಯಾವುದೇ ವೆಬ್‌ಸೈಟ್ ತೆಗೆದು ನೋಡಿ. ಕನ್ನಡ ಸಂಘದ್ದಿರಲಿ, ಮದುವೆ ಮುಂಜಿಗೆ ಅಡುಗೆ ಮಾಡಿಕೊಡುವವರದ್ದಿರಲಿ, ಮನೆಯಲ್ಲೇ ರೊಟ್ಟಿ ಬಡಿದು ಮಾರುವವರದ್ದಿರಲಿ, ಕೊನೆಗೊಂದು ‘ಸಂಪರ್ಕಿಸಿ’ ಎಂಬ ಪುಟ ಇದ್ದೇ ಇರುತ್ತದೆ. ಅದರಲ್ಲಿ ಹೆಸರು, ಇಮೇಲ್, ವಿಷಯ, ಸಂದೇಶ ಎಂದು ನಾಲ್ಕು ಖಾಲಿ ಚೌಕಗಳು. ತುಂಬಿ ಕಳಿಸಿದರೆ ‘ಧನ್ಯವಾದಗಳು, ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸುತ್ತೇವೆ’ ಎಂಬ ಉತ್ತರ ಕ್ಷಣದಲ್ಲಿ ಬರುತ್ತದೆ. ಆ ಮಾತು ಹೇಳುವುದು ಯಂತ್ರ. ಮನುಷ್ಯರ ಉತ್ತರ ಬರುವುದು, ಬಾರದಿರುವುದು ಕಳಿಸಿದವರ ಪುಣ್ಯ. ಆ ಸಂದೇಶ ಹೋಗಿ ಬೀಳುವ ಇಮೇಲ್ ಪೆಟ್ಟಿಗೆಯ ಪಾಸ್‌ವರ್ಡ್ ಎಷ್ಟೋ ಸಲ ಹಿಂದಿನ ಕಾರ್ಯದರ್ಶಿಗಳ ಹತ್ತಿರವೇ ಉಳಿದಿರುತ್ತದೆ.

ಇದರ ಬದಲು ಪುಟದಲ್ಲೇ ಒಂದು ಗುಂಡಿ ಇಟ್ಟು, ಒತ್ತಿದ ಕೂಡಲೇ ಅಂತರಜಾಲದ ಮೂಲಕ ಮಾತಾಡುವ ಹಾಗೆ ಮಾಡಬಹುದೇ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನನ್ನ ಕೆಲಸವೂ ಅದೇ ದಾರಿಯದ್ದಾದ್ದರಿಂದ ಪರಿಚಯದವರ ವಲಯದಲ್ಲಿ ಈ ಪ್ರಶ್ನೆ ಸುತ್ತಿ ಸುತ್ತಿ ನನ್ನ ತನಕ ಬರುತ್ತದೆ. ಉತ್ತರ ಸರಳ: ಮಾಡಬಹುದು, ದೊಡ್ಡ ಖರ್ಚೂ ಇಲ್ಲ. ಆದರೆ ಗುಂಡಿ ಇಡುವುದು ಒಂದು ಮಧ್ಯಾಹ್ನದ ಕೆಲಸ, ಅದನ್ನು ಎತ್ತುವುದು ದಿನದಿನದ ಕೆಲಸ. ಈ ಸಲದ ಅಂಕಣದಲ್ಲಿ ಎರಡರ ಬಗ್ಗೆಯೂ ಹೇಳುತ್ತೇನೆ.

ಬರೆಯಲಾಗದವರ ಬಾಗಿಲು

ಫೋನ್ ಕರೆಯೇ ಹೆಚ್ಚುಕಡಿಮೆ ಪುಕ್ಕಟೆಯಾಗಿರುವ ಕಾಲದಲ್ಲಿ ಅಂತರಜಾಲದ ಕರೆ ಯಾಕೆ ಬೇಕು ಎಂದು ನೀವು ಕೇಳಬಹುದು. ಅದಕ್ಕೆ ಮೊದಲು, ಮಾತೇ ಯಾಕೆ ಬೇಕು ಎಂಬುದನ್ನು ನೋಡೋಣ.

ಹೊರನಾಡಿನಲ್ಲಿ ನಮ್ಮ ಪರಿಸ್ಥಿತಿ ಸ್ವಲ್ಪ ವಿಚಿತ್ರ. ಡೊಂಬಿವಲಿಯಲ್ಲೋ ಸಿಕಂದರಾಬಾದಿನಲ್ಲೋ ಹುಟ್ಟಿ ಬೆಳೆದ ಮಕ್ಕಳು ಮನೆಯಲ್ಲಿ ಚೆನ್ನಾಗಿಯೇ ಕನ್ನಡ ಮಾತಾಡುತ್ತಾರೆ, ಓದಲು ಬರೆಯಲು ಬರುವುದಿಲ್ಲ. ಮಗನ ಮನೆಗೆಂದು ಊರಿನಿಂದ ಬಂದ ಅಪ್ಪ ಅಮ್ಮ ಪೇಪರನ್ನು ಅಕ್ಷರ ಬಿಡದೆ ಓದುತ್ತಾರೆ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡು ಎಂದರೆ ಕೈ ಎತ್ತುತ್ತಾರೆ. ಮೊನ್ನೆ ಮೊನ್ನೆ ಊರು ಬಿಟ್ಟು ಬಂದ ಹುಡುಗನಿಗೆ ಟೈಪಿಂಗ್ ಬರುತ್ತದೆ, ಆದರೆ ‘ವಿಷಯ’ ಎಂಬ ಚೌಕದಲ್ಲಿ ಏನು ಬರೆಯಬೇಕೆಂದು ತಿಳಿಯುವುದಿಲ್ಲ. ಅವನಿಗೆ ಬೇಕಾದದ್ದು ಬಾಡಿಗೆಗೊಂದು ಕೋಣೆ, ಹತ್ತಿರದಲ್ಲೊಂದು ಮೆಸ್, ಜತೆಗೆ ಒಂದಿಷ್ಟು ಧೈರ್ಯ. ಈ ಮೂವರಿಗೂ ನಾಲ್ಕು ಚೌಕಗಳ ಫಾರ್ಮ್ ಮುಚ್ಚಿದ ಬಾಗಿಲಿದ್ದಂತೆ. ಮಾತಿಗೆ ಅವಕಾಶ ಕೊಟ್ಟರೆ ಮೂವರೂ ಒಳಗೆ ಬರುತ್ತಾರೆ.

ಹಿಂದೆ ಮುಂಬಯಿಗೆ ಬಂದಿಳಿದವರಿಗೆ ಈ ಬಾಗಿಲು ಇದ್ದದ್ದು ಉಡುಪಿ ಹೋಟೆಲಿನ ಗಲ್ಲಾದಲ್ಲಿ. ಗಲ್ಲಾದಲ್ಲಿ ಕೂತವರು ಮಾತಿನ ಧಾಟಿ ಕೇಳಿಯೇ ‘ಯಾವ ಊರು ಮಾರಾಯ್ರೆ?’ ಎಂದರೆ ಮುಕ್ಕಾಲು ಕೆಲಸ ಆದಂತೆ. ಯಾರ ಮನೆಯಲ್ಲಿ ಜಾಗ ಇದೆ, ಎಲ್ಲಿ ಕೆಲಸ ಖಾಲಿ ಇದೆ, ಯಾವ ರಾತ್ರಿ ಶಾಲೆಗೆ ಸೇರಬಹುದು, ಎಲ್ಲಕ್ಕೂ ಅಲ್ಲೇ ದಾರಿ ಸಿಗುತ್ತಿತ್ತು. ಅಲ್ಲಿ ಬಂದವನು ಬಾಯಿ ತೆರೆದ, ಕೂತವರು ಕಿವಿ ಕೊಟ್ಟರು, ಅಷ್ಟೇ. ವೆಬ್‌ಸೈಟಿನ ಕರೆ ಗುಂಡಿಯಿಂದ ಆಗಬೇಕಾದದ್ದೂ ಅಷ್ಟೇ.

ನಂಬರ್ ಹಾಕಿದರೆ ಒಂದು ಕಷ್ಟ, ತೆಗೆದರೆ ಇನ್ನೊಂದು

ಹಾಗಾದರೆ ಮೊಬೈಲ್ ನಂಬರನ್ನೇ ಪುಟದಲ್ಲಿ ಹಾಕಿಬಿಟ್ಟರಾಯಿತಲ್ಲ? ಬಹಳ ಮಂದಿ ಹಾಗೇ ಮಾಡುತ್ತಾರೆ. ಪುಣೆಯಲ್ಲಿ ನಮಗೆ ಪರಿಚಯದ ಒಬ್ಬ ವೈನಿಯವರೂ ಹಾಗೇ ಮಾಡಿದ್ದರು. ವಿಜಯಪುರದ ಕಡೆಯವರು. ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ ಮಾಡಿ ಕೊಡುತ್ತಾರೆ. ಮಗಳು ಕಾಲೇಜಿನಲ್ಲಿ ಕಲಿತದ್ದನ್ನು ಬಳಸಿ ಚೆಂದದ ವೆಬ್‌ಸೈಟ್ ಮಾಡಿಕೊಟ್ಟಿದ್ದಳು, ಮೇಲುಗಡೆಯೇ ಅವರ ಸ್ವಂತ ಮೊಬೈಲ್ ನಂಬರ್.

ಕೆಲವೇ ತಿಂಗಳಲ್ಲಿ ಸಾಲ ಬೇಕೇ ಎನ್ನುವವರು, ಜಾಹೀರಾತು ಕೊಡಿ ಎನ್ನುವವರು, ವೆಬ್‌ಸೈಟನ್ನು ಗೂಗಲ್‌ನಲ್ಲಿ ಮೊದಲು ತರುತ್ತೇವೆ ಎನ್ನುವವರು ಶುರುವಾದರು. ಅದನ್ನು ಹೇಗೋ ತಡೆದುಕೊಂಡರು. ಆಮೇಲೆ ರಾತ್ರಿ ಹನ್ನೊಂದರ ಮೇಲೆ ಬರುವ ಕರೆಗಳು. ಎತ್ತಿದರೆ ಮಾತಿಲ್ಲ, ಇಲ್ಲವೇ ಕೇಳಬಾರದ ಮಾತು. ವಾಟ್ಸ್‌ಆ್ಯಪ್‌ನಲ್ಲಿ ಬೇಡದ ಫೋಟೋಗಳು. ಮಗಳು ನಂಬರ್ ತೆಗೆದು ಫಾರ್ಮ್ ಹಾಕಿದಳು. ಕರೆ ನಿಂತವು, ಆರ್ಡರೂ ಇಳಿದವು. ಆಗ ಅವರು ನನಗೆ ಹೇಳಿದ್ದು ಇಷ್ಟೇ: “ನಂಬರ್ ಹಾಕಿದ್ರ ಹೊತ್ತಿಲ್ಲ ಗೊತ್ತಿಲ್ಲ ಫೋನ್ ಬರ್ತಾವ್ರಿ. ತಗದ್ರ ಗಿರಾಕಿ ಬರಂಗಿಲ್ಲ. ಏನ್ ಮಾಡ್ಲಿ ನೀವ ಹೇಳ್ರಿ.”

ಇದು ಅವರೊಬ್ಬರ ಕಷ್ಟವಲ್ಲ. ಮನೆಯಿಂದಲೇ ಟ್ಯೂಷನ್, ಹೊಲಿಗೆ, ಸಂಗೀತ ಪಾಠ, ತಿಂಡಿ ವ್ಯಾಪಾರ ನಡೆಸುವ ಎಷ್ಟೋ ಹೆಣ್ಣುಮಕ್ಕಳು ಇದೇ ಇಕ್ಕಟ್ಟಿನಲ್ಲಿದ್ದಾರೆ. ಇವತ್ತು ಮೊಬೈಲ್ ನಂಬರ್ ಎಂದರೆ ಬರೀ ಮಾತಾಡುವ ನಂಬರ್ ಅಲ್ಲ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೆ, ಯುಪಿಐ ಇರುವುದು ಅದರ ಮೇಲೆ, ಆಧಾರ್ ಜೋಡಿಸಿರುವುದು ಅದಕ್ಕೆ, ಮಕ್ಕಳ ಶಾಲೆಯ ಗುಂಪಿನಲ್ಲಿ ಇರುವುದೂ ಅದೇ. ಅಂಥ ನಂಬರನ್ನು ಊರಿಗೆಲ್ಲ ಕಾಣುವಂತೆ ಬರೆದು ಹಾಕುವುದೆಂದರೆ ಮನೆಯ ಬೀಗದಕೈಯನ್ನು ಅಂಗಡಿಯ ಬೋರ್ಡಿಗೆ ನೇತುಹಾಕಿದ ಹಾಗೆ. ಅಂತರಜಾಲದ ಕರೆ ಯಾಕೆ ಬೇಕು ಎಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು: ನಿಮ್ಮ ನಂಬರ್ ಕೊಡದೆಯೇ ನಿಮ್ಮ ದನಿ ಕೊಡಬಹುದು.

ಎರಡನೆಯ ಉತ್ತರ, ದೂರ. ಮಗ ಅಮೆರಿಕದಲ್ಲಿದ್ದಾನೆ, ಅಪ್ಪ ಅಮ್ಮ ಪುಣೆಯಲ್ಲಿದ್ದಾರೆ, ಹಬ್ಬಕ್ಕೆ ಅವರ ಮನೆಗೆ ಶೇಂಗಾ ಹೋಳಿಗೆ ತಲುಪಿಸಬೇಕು. ಅವನಿಗೆ ಇಲ್ಲಿಯ ಮೊಬೈಲಿಗೆ ಅಂತಾರಾಷ್ಟ್ರೀಯ ಕರೆ ಮಾಡುವುದಕ್ಕಿಂತ ಪುಟದಲ್ಲೇ ಗುಂಡಿ ಒತ್ತಿ ಮಾತಾಡುವುದು ಸಲೀಸು.

ಒಳಗೆ ನಡೆಯುವುದೇನು?

ವೆಬ್‌ಸೈಟಿನಲ್ಲಿ ಕರೆ ಗುಂಡಿ ಇಡುವ ಆಸೆ ಹೊಸದಲ್ಲ. 2003ರಲ್ಲಿ ಸ್ಕೈಪ್ ಬಂತು. ಅದು ಜನಪ್ರಿಯವಾದಾಗ ಎಷ್ಟೋ ಪುಟಗಳ ಮೂಲೆಯಲ್ಲಿ ಅದರ ನೀಲಿ ಗುಂಡಿ ಕಾಣಿಸಿಕೊಂಡಿತು. ಆದರೆ ಒತ್ತುವವರ ಕಂಪ್ಯೂಟರಿನಲ್ಲೂ ಸ್ಕೈಪ್ ಇರಬೇಕಿತ್ತು, ಖಾತೆ ತೆರೆದಿರಬೇಕಿತ್ತು. 2025ರ ಮೇ ತಿಂಗಳಲ್ಲಿ ಸ್ಕೈಪ್ ಮುಚ್ಚಿತು. ಅದರ ಗುಂಡಿಯನ್ನು ತೆಗೆಯದೆ ಹಾಗೇ ಬಿಟ್ಟ ಪುಟಗಳಲ್ಲಿ ಅದೀಗ ಗೋಡೆಗೆ ಬರೆದ ಬಾಗಿಲು. ನಿಮ್ಮ ಸಂಘದ ಹಳೆಯ ಪುಟದಲ್ಲಿ ಅಂಥದ್ದೊಂದು ಇದ್ದರೆ ಮೊದಲು ಅದನ್ನು ತೆಗೆಸಿ.

ಈಗಿನ ದಾರಿ ಬೇರೆ. ಇದರ ಹೆಸರು ವೆಬ್‌ಆರ್‌ಟಿಸಿ. 2011ರಲ್ಲಿ ಗೂಗಲ್ ಇದನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. ಕ್ರೋಮ್, ಫೈರ್‌ಫಾಕ್ಸ್ ಮೊದಲೇ ಅಳವಡಿಸಿಕೊಂಡವು, ಆ್ಯಪಲ್‌ನ ಸಫಾರಿ 2017ರಲ್ಲಿ ಸೇರಿಕೊಂಡಿತು. 2021ರ ಜನವರಿಯಲ್ಲಿ ಇದು ಅಧಿಕೃತ ಮಾನದಂಡವಾಯಿತು. ಇದರ ಅರ್ಥವೇನೆಂದರೆ, ನಿಮ್ಮ ಬ್ರೌಸರೇ ಈಗ ಒಂದು ಫೋನು. ಕರೆ ಮಾಡುವವರು ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಯಾವ ಖಾತೆಯನ್ನೂ ತೆರೆಯಬೇಕಿಲ್ಲ.

ಗುಂಡಿ ಒತ್ತಿದಾಗ ಬ್ರೌಸರ್ ಮೊದಲು ‘ಮೈಕ್ ಬಳಸಬಹುದೇ?’ ಎಂದು ಅನುಮತಿ ಕೇಳುತ್ತದೆ. ವಿಳಾಸದ ಪಟ್ಟಿಯಲ್ಲಿ ಎಚ್‌ಟಿಟಿಪಿಎಸ್ ಇರುವ, ಅಂದರೆ ಸುರಕ್ಷಿತ ಸಂಪರ್ಕದ ಪುಟವಾದರೆ ಮಾತ್ರ ಈ ಪ್ರಶ್ನೆ ಬರುತ್ತದೆ. ನಿಮ್ಮ ಸೈಟ್ ಇನ್ನೂ ಹಳೆಯ ಎಚ್‌ಟಿಟಿಪಿಯಲ್ಲೇ ಇದ್ದರೆ ಮೈಕ್ ತೆರೆಯುವುದೇ ಇಲ್ಲ. ಅನುಮತಿ ಸಿಕ್ಕ ಮೇಲೆ ಮಾತನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಅಡಕ ಮಾಡಿ, ಗೂಢಲಿಪಿಗೆ ಬದಲಿಸಿ ಕಳಿಸುತ್ತದೆ. ವೆಬ್‌ಆರ್‌ಟಿಸಿಯಲ್ಲಿ ಈ ಗೂಢಲಿಪಿ ಕಡ್ಡಾಯ, ಬೇಡವೆಂದರೂ ಬಿಡುವಂತಿಲ್ಲ.

ಇಲ್ಲೊಂದು ತೊಡಕಿದೆ. ನಾವು ಇರುವ ಹೌಸಿಂಗ್ ಸೊಸೈಟಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಳಗಿನವರಿಗೆ ನೀವು ‘ಬಿ ವಿಂಗ್, 402’. ಹೊರಗಿನವರಿಗೆ ಆ ಸಂಖ್ಯೆಯಿಂದ ಉಪಯೋಗವಿಲ್ಲ, ಅವರಿಗೆ ಸೊಸೈಟಿಯ ಗೇಟಿನ ವಿಳಾಸ ಬೇಕು. ಮನೆಯ ವೈಫೈನಲ್ಲಿರುವ ನಿಮ್ಮ ಮೊಬೈಲಿನ ಸ್ಥಿತಿಯೂ ಇದೇ: ಅದಕ್ಕೆ ಗೊತ್ತಿರುವುದು ಒಳಗಿನ ವಿಳಾಸ ಮಾತ್ರ. ಆದ್ದರಿಂದ ಕರೆಗೆ ಮುಂಚೆ ಅದು ಹೊರಗಿರುವ ಸ್ಟನ್ ಎಂಬ ಸರ್ವರನ್ನು ‘ನಾನು ನಿಮಗೆ ಯಾವ ವಿಳಾಸದಿಂದ ಕಾಣುತ್ತಿದ್ದೇನೆ?’ ಎಂದು ಕೇಳಿ ತಿಳಿದುಕೊಳ್ಳುತ್ತದೆ. ಎರಡೂ ಕಡೆಯವರಿಗೆ ಪರಸ್ಪರ ಹೊರ ವಿಳಾಸ ಗೊತ್ತಾದರೆ ಮಾತು ನೇರವಾಗಿ ಹರಿಯುತ್ತದೆ. ಕೆಲವು ಸೊಸೈಟಿಗಳಲ್ಲಿ ವಾಚ್‌ಮನ್ ಯಾರನ್ನೂ ಒಳಗೆ ಬಿಡುವುದಿಲ್ಲ, ಪಾರ್ಸೆಲನ್ನು ಗೇಟಿನಲ್ಲೇ ಇಟ್ಟು ಹೋಗಿ ಎನ್ನುತ್ತಾನಲ್ಲ? ಆಫೀಸಿನ ನೆಟ್‌ವರ್ಕುಗಳು ಹೀಗೆಯೇ. ಆಗ ನಡುವೆ ಟರ್ನ್ ಎಂಬ ಇನ್ನೊಂದು ಸರ್ವರ್ ನಿಂತು, ಎರಡೂ ಕಡೆಯ ಮಾತನ್ನು ಈಸಿಕೊಂಡು ದಾಟಿಸುತ್ತದೆ. ಮಾತೆಲ್ಲ ಅದರ ಮೂಲಕವೇ ಹೋಗುವುದರಿಂದ ಅದನ್ನು ನಡೆಸಲು ದುಡ್ಡು ಬೇಕು. ‘ಮನೆಯಿಂದ ಕರೆ ಹೋಗುತ್ತದೆ, ಆಫೀಸಿನಿಂದ ಹೋಗುವುದಿಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಟರ್ನ್ ಇದೆಯೇ ಎಂದು. ಅಗ್ಗದ ಸೇವೆಗಳು ಉಳಿತಾಯ ಮಾಡುವ ಜಾಗ ಇದೇ.

ದನಿಯ ಗುಣಮಟ್ಟದ ಬಗ್ಗೆಯೂ ಒಂದು ಮಾತು. ಹಳೆಯ ಫೋನ್ ಜಾಲ ದಾಟಿಸುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ. ‘ಸ’, ‘ಫ’ಗಳಂಥ ಉಸಿರಿನ ಸದ್ದುಗಳು ಅದಕ್ಕಿಂತ ಮೇಲಿರುವುದರಿಂದ ಫೋನಿನಲ್ಲಿ ಹೆಸರು, ವಿಳಾಸ ಹೇಳುವಾಗ ನಾವು ಎರಡೆರಡು ಸಲ ಹೇಳುವಂತಾಗುತ್ತಿತ್ತು. ವೆಬ್‌ಆರ್‌ಟಿಸಿ ಬಳಸುವ ಓಪಸ್ ಎಂಬ ವಿಧಾನ 2012ರಲ್ಲಿ ಮಾನದಂಡವಾದದ್ದು. ನೆಟ್ ಚೆನ್ನಾಗಿದ್ದರೆ ಎದುರಿಗೆ ಕೂತು ಮಾತಾಡಿದಷ್ಟು ಸ್ಪಷ್ಟ, ನೆಟ್ ಕುಗ್ಗಿದರೆ ತಾನೂ ಕುಗ್ಗಿ ಹೇಗೋ ಮಾತು ಉಳಿಸುತ್ತದೆ. ಅದರ ಅರ್ಧ ಭಾಗ ಸ್ಕೈಪ್‌ಗಾಗಿ ತಯಾರಾದ ಸಿಲ್ಕ್ ಎಂಬ ವಿಧಾನದಿಂದ ಬಂದದ್ದು. ಸ್ಕೈಪ್ ಹೋದರೂ ಅದರ ದನಿ ಇಲ್ಲಿ ಉಳಿದಿದೆ. ಡೇಟಾ ಖರ್ಚು ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧದಿಂದ ಒಂದು ಎಂಬಿ, ಒಂದು ರೀಲ್ಸ್ ನೋಡುವಷ್ಟೂ ಇಲ್ಲ.

ಕಾನೂನಿನ ಗೆರೆ

ಭಾರತದಲ್ಲಿ ಅಂತರಜಾಲ ಕರೆಗೆ ಬಹುಕಾಲ ಒಂದು ಗೆರೆ ಎಳೆಯಲಾಗಿತ್ತು. 2002ರ ಏಪ್ರಿಲ್‌ನಿಂದ ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಕರೆ ಮಾಡಲು ಅನುಮತಿ ಸಿಕ್ಕಿತು. ಆದರೆ ಕಂಪ್ಯೂಟರಿನಿಂದ ಇದೇ ದೇಶದ ಮಾಮೂಲು ಫೋನಿಗೆ ಕರೆ ಹೋಗುವಂತಿರಲಿಲ್ಲ. 2018ರಲ್ಲಿ ದೂರಸಂಪರ್ಕ ಇಲಾಖೆ ನಿಯಮ ಬದಲಿಸಿ, ಪರವಾನಗಿ ಇರುವ ಕಂಪನಿಗಳು ಅಂಥ ಸೇವೆ ಕೊಡಬಹುದು ಎಂದಿತು.

ನಮ್ಮಂಥವರು ಇದರಿಂದ ತಿಳಿಯಬೇಕಾದದ್ದು ಇಷ್ಟು. ಬ್ರೌಸರಿನಲ್ಲಿ ಒತ್ತಿದ ಕರೆ ನಿಮ್ಮ ಬ್ರೌಸರಿನಲ್ಲೋ ಆ್ಯಪ್‌ನಲ್ಲೋ ಎತ್ತುವುದಾದರೆ ಅದು ಫೋನ್ ಜಾಲವನ್ನು ಮುಟ್ಟುವುದೇ ಇಲ್ಲ. ಅದೇ ಕರೆ ನಿಮ್ಮ ಮೊಬೈಲ್ ನಂಬರಿಗೆ ಬಂದು ರಿಂಗ್ ಆಗಬೇಕು ಎಂದಾದರೆ, ನಡುವೆ ಪರವಾನಗಿ ಇರುವ ಕಂಪನಿ ಬೇಕು, ಅದು ನಿಮಿಷಕ್ಕಿಷ್ಟು ಎಂದು ಬಿಲ್ ಮಾಡುತ್ತದೆ. ಗಲ್ಲಿಯ ಯಾರೋ ‘ನಾನೇ ಒಂದು ಡಬ್ಬ ಇಟ್ಟು ಇಂಟರ್ನೆಟ್ ಕರೆಯನ್ನು ನಿಮ್ಮ ಮೊಬೈಲಿಗೆ ತಿರುಗಿಸಿಕೊಡುತ್ತೇನೆ’ ಎಂದರೆ ದೂರ ಇರಿ. ಅಕ್ರಮ ಟೆಲಿಫೋನ್ ಎಕ್ಸ್‌ಚೇಂಜ್ ಎಂದು ಪೊಲೀಸರು ಹಿಡಿಯುವುದು ಅಂಥ ಡಬ್ಬಗಳನ್ನೇ.

ಮೂರು ದಾರಿ

ಮೊದಲನೆಯದು, ಫೋನ್ ಲಿಂಕ್. ಪುಟದ ನಂಬರನ್ನು ಮುಟ್ಟಿದರೆ ಮೊಬೈಲಿನ ಡಯಲರ್ ತೆರೆಯುತ್ತದೆ. ಇದು ಅಂತರಜಾಲ ಕರೆಯಲ್ಲ, ಮಾಮೂಲು ಕರೆ. ಖರ್ಚಿಲ್ಲ, ಕೆಡುವುದೂ ಇಲ್ಲ. ಸಂಘದ ಕಚೇರಿಗೆ ಸ್ಥಿರ ದೂರವಾಣಿ ಇದ್ದರೆ ಇದೇ ಸಾಕು. ನಂಬರ್ ಮಾತ್ರ ಬಯಲಿಗೆ ಬೀಳುತ್ತದೆ.

ಎರಡನೆಯದು, ವಾಟ್ಸ್‌ಆ್ಯಪ್ ಲಿಂಕ್. ನಮ್ಮವರಿಗೆಲ್ಲ ರೂಢಿಯಾದದ್ದು. ದೇಶದ ಸಂಕೇತ 91 ಹಾಕಿ, ಪ್ಲಸ್ ಚಿಹ್ನೆ, ಮೊದಲಿನ ಸೊನ್ನೆ, ನಡುವಿನ ಗೆರೆ ಯಾವುದೂ ಇಲ್ಲದೆ ನಂಬರ್ ಬರೆಯಬೇಕು, ಇಲ್ಲದಿದ್ದರೆ ಲಿಂಕ್ ಕೆಲಸ ಮಾಡುವುದಿಲ್ಲ. ಒತ್ತಿದರೆ ಚಾಟ್ ತೆರೆಯುತ್ತದೆ, ಅಲ್ಲಿಂದ ಕರೆ ಮಾಡಬಹುದು. ಇದಕ್ಕೆ ಸ್ವಂತ ನಂಬರ್ ಕೊಡಬೇಡಿ. ಬೇರೆ ಸಿಮ್ ತೆಗೆದುಕೊಳ್ಳಿ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪನ್ನು ಮಾಮೂಲು ವಾಟ್ಸ್‌ಆ್ಯಪ್ ಇರುವ ಫೋನಿನಲ್ಲೇ, ಆ ಎರಡನೇ ನಂಬರಿಗೆ ಹಾಕಿಕೊಳ್ಳಬಹುದು. ಅಂಗಡಿಯ ವೇಳೆ ಬರೆದಿಡಬಹುದು, ವೇಳೆ ಮೀರಿ ಬಂದವರಿಗೆ ತಾನಾಗಿ ಉತ್ತರ ಹೋಗುವಂತೆ ಮಾಡಬಹುದು. ಒಂದು ಸೆಟ್ಟಿಂಗ್ ಮಾತ್ರ ನೋಡಿಕೊಳ್ಳಿ: ಅಪರಿಚಿತರ ಕರೆಗಳನ್ನು ಮೌನಗೊಳಿಸುವ ಸೌಲಭ್ಯ 2023ರಲ್ಲಿ ಬಂದಿದೆ. ಸ್ವಂತ ನಂಬರಿಗೆ ಅದು ವರದಾನ. ವ್ಯಾಪಾರದ ನಂಬರಿನಲ್ಲಿ ಅದು ಆನ್ ಆಗಿದ್ದರೆ ಹೊಸ ಗಿರಾಕಿಯ ಕರೆ ರಿಂಗೇ ಆಗುವುದಿಲ್ಲ.

ಮೂರನೆಯದು, ಬ್ರೌಸರ್ ಕರೆ. ಮೇಲೆ ಹೇಳಿದ ವೆಬ್‌ಆರ್‌ಟಿಸಿ ದಾರಿ. ಒತ್ತಿದವರಿಗೆ ನಿಮ್ಮ ನಂಬರ್ ಕಾಣದು, ನಿಮಗೆ ಅವರದು ಕಾಣದು. ತಿಂಗಳ ಬಾಡಿಗೆಗೆ ಗುಂಡಿ ಕೊಡುವ ಸೇವೆಗಳಿವೆ, ಅವರು ಕೊಟ್ಟ ನಾಲ್ಕು ಸಾಲು ಕೋಡನ್ನು ಪುಟದಲ್ಲಿ ಅಂಟಿಸಿದರೆ ಆಯಿತು. ಸಂಘದಲ್ಲಿ ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರಿದ್ದರೆ ಜಿಟ್ಸಿಯಂಥ ಮುಕ್ತ ತಂತ್ರಾಂಶವನ್ನು ಸ್ವಂತ ಸರ್ವರಿನಲ್ಲಿ ಹಾಕಿಕೊಂಡು ನಡೆಸಬಹುದು. ಬಾಡಿಗೆ ಸೇವೆ ತೆಗೆದುಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ: ಟರ್ನ್ ಸರ್ವರ್ ಇದೆಯೇ, ಕರೆ ರೆಕಾರ್ಡ್ ಆಗುತ್ತದೆಯೇ, ಆದರೆ ಅದು ಎಲ್ಲಿ ಎಷ್ಟು ದಿನ ಇರುತ್ತದೆ. ರೆಕಾರ್ಡ್ ಮಾಡುವುದಾದರೆ ಕರೆ ಮಾಡಿದವರಿಗೆ ಮೊದಲೇ ಹೇಳುವುದು ಮರ್ಯಾದೆ. 2023ರಲ್ಲಿ ಪಾಸಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ: ಕೇಳಿ ತೆಗೆದುಕೊಳ್ಳಿ, ಬೇಕಾದಷ್ಟೇ ತೆಗೆದುಕೊಳ್ಳಿ. ರೊಟ್ಟಿ ಮಾರುವವರಿಗೆ, ಸಂಘದವರಿಗೆ ರೆಕಾರ್ಡಿಂಗ್ ಬೇಕಾಗುವುದೇ ಇಲ್ಲ. ಬೇಡವೆಂದು ಆರಿಸಿಬಿಡಿ.

ನಂಬರ್ ಮರೆಯ ಇನ್ನೊಂದು ಮುಖ

ನಂಬರ್ ಕಾಣದಿರುವುದು ಒಳ್ಳೆಯವರಿಗೆ ಹೇಗೆ ರಕ್ಷಣೆಯೋ, ಕೆಟ್ಟವರಿಗೂ ಹಾಗೆಯೇ. ಮಾಮೂಲು ಫೋನಿನಲ್ಲಿ ಕಾಟ ಕೊಟ್ಟವರ ನಂಬರನ್ನಾದರೂ ಬ್ಲಾಕ್ ಮಾಡಬಹುದು. ಬ್ರೌಸರ್ ಕರೆಯಲ್ಲಿ ನಿಮ್ಮ ಪರದೆಯ ಮೇಲೆ ಬರುವುದು ‘ಅತಿಥಿ’ ಎಂದಷ್ಟೇ. ಇದನ್ನು ಮುಚ್ಚಿಟ್ಟು ಗುಂಡಿಯನ್ನು ಹೊಗಳುವುದು ಸರಿಯಲ್ಲ.

ಇದಕ್ಕೆ ನಾನು ಹೇಳುವ ಉಪಾಯಗಳು ತೀರಾ ಸಾಮಾನ್ಯದವು. ಒತ್ತುವ ಮುಂಚೆ ಹೆಸರು, ಯಾವ ವಿಷಯ ಎಂದು ಎರಡು ಪದ ಕೇಳಿ. ಬೇಕೆಂದೇ ಕಾಟ ಕೊಡುವವನು ಸುಳ್ಳು ಹೆಸರು ಬರೆಯಬಹುದು, ಆದರೆ ಪೋಲಿತನಕ್ಕೆ ಒತ್ತುವವರಲ್ಲಿ ಬಹುಪಾಲು ಅಲ್ಲೇ ನಿಲ್ಲುತ್ತಾರೆ. ವಿಡಿಯೋ ಬೇಡ, ದನಿ ಮಾತ್ರ ಇಡಿ. ರಾತ್ರಿ ಗುಂಡಿ ತಾನಾಗಿ ಮರೆಯಾಗಲಿ. ಅಸಭ್ಯ ಮಾತು ಕೇಳಿದರೆ ಉತ್ತರ ಕೊಡದೆ ಕತ್ತರಿಸಿ. ಬ್ರೌಸರನ್ನು ಮುಚ್ಚಿದರೆ ಸಾಕು, ಅವನು ನಿಮ್ಮ ಸ್ವಂತ ಫೋನಿಗೆ ಬರಲಾರ. ವ್ಯತ್ಯಾಸ ಇರುವುದು ಇಲ್ಲೇ. ಮೊಬೈಲ್ ನಂಬರ್ ಒಮ್ಮೆ ಹೊರಗೆ ಹೋದರೆ ಹಿಂದಕ್ಕೆ ತರಲಾಗುವುದಿಲ್ಲ, ಗುಂಡಿಯನ್ನು ಯಾವಾಗ ಬೇಕಾದರೂ ತೆಗೆಯಬಹುದು.

ವಂಚಕರ ಮಾತೂ ಬರುತ್ತದೆ. ಹುಡುಕಿದಾಗ ಸಿಗುವ ಗ್ರಾಹಕ ಸೇವೆಯ ನಂಬರುಗಳಲ್ಲಿ ಎಷ್ಟೋ ನಕಲಿ. ಸ್ವಂತ ಪುಟದ ಗುಂಡಿ ಈ ಮೋಸವನ್ನು ಒಂದಿಷ್ಟು ತಡೆಯುತ್ತದೆ, ಯಾಕೆಂದರೆ ಜನ ನಂಬರ್ ಹುಡುಕುತ್ತಾ ಬೇರೆಡೆ ಹೋಗುವುದಿಲ್ಲ. ಆದರೂ ಗುಂಡಿಯ ಕೆಳಗೆ ಒಂದು ಸಾಲು ಬರೆದಿಡಿ: ‘ನಾವು ಒಟಿಪಿ, ಪಿನ್, ಕಾರ್ಡ್ ನಂಬರ್ ಕೇಳುವುದಿಲ್ಲ.’ ಯಾರಿಗಾದರೂ ದುಡ್ಡಿನ ಮೋಸವಾಗಿದ್ದು ತಿಳಿದರೆ ತಡಮಾಡದೆ 1930ಕ್ಕೆ ಕರೆ ಮಾಡಲು ಹೇಳಿ, ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ ಅದು.

ಎತ್ತುವವರ ಪಾಳಿ

ಇಷ್ಟೆಲ್ಲ ಆದ ಮೇಲೂ ಉಳಿಯುವ ಪ್ರಶ್ನೆ, ಶೀರ್ಷಿಕೆಯಲ್ಲಿ ಕೇಳಿದ್ದು. ಫಾರ್ಮಿಗೆ ಎರಡು ದಿನ ಬಿಟ್ಟು ಉತ್ತರ ಕೊಟ್ಟರೂ ಜನ ಬೇಸರಿಸುವುದಿಲ್ಲ. ಕರೆ ಹಾಗಲ್ಲ. ಗುಂಡಿ ಒತ್ತಿದವರು ಇಪ್ಪತ್ತು ಸೆಕೆಂಡ್ ಕಾಯುತ್ತಾರೆ. ಯಾರೂ ಎತ್ತದಿದ್ದರೆ ‘ಇಲ್ಲಿ ಯಾರೂ ಇಲ್ಲ’ ಎಂದು ಅವರಿಗೆ ಖಾತ್ರಿಯಾಗುತ್ತದೆ. ಫಾರ್ಮ್ ಮಾತ್ರ ಇದ್ದಾಗ ‘ಇರಬಹುದೇನೋ’ ಎಂಬ ಆಸೆಯಾದರೂ ಇತ್ತು. ಎತ್ತದ ಗುಂಡಿ ಅದನ್ನೂ ಕಳೆಯುತ್ತದೆ.

ಆದ್ದರಿಂದ ಸಂಘದವರಿಗೆ ನನ್ನ ಸಲಹೆ: ದಿನವಿಡೀ ಬೇಡ, ವಾರಕ್ಕೆ ಮೂರು ಸಂಜೆ, ಒಂದೊಂದು ಗಂಟೆ ಸಾಕು. ಆ ವೇಳೆಯನ್ನು ಗುಂಡಿಯ ಪಕ್ಕದಲ್ಲೇ ಬರೆಯಿರಿ. ಉಳಿದ ವೇಳೆಯಲ್ಲಿ ಗುಂಡಿಯ ಜಾಗದಲ್ಲಿ ‘ನಿಮ್ಮ ದನಿ ಬಿಟ್ಟು ಹೋಗಿ’ ಎಂದಿರಲಿ, ಅರ್ಧ ನಿಮಿಷದ ಮಾತನ್ನು ರೆಕಾರ್ಡ್ ಮಾಡಿ ಕಳಿಸುವಂತೆ. ಎತ್ತುವವರ ಪಾಳಿ ಮಾಡಿ. ನಿವೃತ್ತರಾದ ಹಿರಿಯರನ್ನು ಕೇಳಿ ನೋಡಿ, ಅವರಿಗೆ ಸಮಯವೂ ಇದೆ, ಮಾತಾಡುವ ಆಸೆಯೂ ಇದೆ, ಊರಿನ ಸಂಗತಿ ನಮಗಿಂತ ಹೆಚ್ಚು ಗೊತ್ತು. ಮನೆಯಲ್ಲೇ ಕೂತು ಟ್ಯಾಬ್‌ನಲ್ಲಿ ಎತ್ತಬಹುದು, ಮಾಟುಂಗಕ್ಕೋ ಆರ್.ಕೆ.ಪುರಂಗೋ ರೈಲು ಬಸ್ಸು ಹಿಡಿದು ಬರಬೇಕಿಲ್ಲ.

ಎತ್ತಿದ ಕೂಡಲೇ ಕನ್ನಡದಲ್ಲೇ ‘ನಮಸ್ಕಾರ, ಹೇಳಿ’ ಎನ್ನಿ. ಎದುರಿನವರಿಗೆ ಕನ್ನಡ ಬಾರದಿದ್ದರೆ ಹಿಂದಿಗೋ ಮರಾಠಿಗೋ ತಮಿಳಿಗೋ ಹೊರಳಬಹುದು. ‘ಹಲೋ, ಬೋಲಿಯೇ’ ಎಂದು ಶುರುಮಾಡಿದರೆ ಕನ್ನಡದವರೂ ಹಿಂದಿಯಲ್ಲೇ ಮಾತಾಡಿ ಇಟ್ಟುಬಿಡುತ್ತಾರೆ. ಗುಂಡಿಯ ಮೇಲೂ ‘ಕರೆ’ ಎಂದು ಬರೆಯುವುದಕ್ಕಿಂತ ‘ಮಾತಾಡಿ’ ಎಂದು ಬರೆಯುವುದು ನನಗೆ ಇಷ್ಟ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಮಾತು ಬೇಕೇ ಬೇಕು: ‘ಮೈಕ್ ಬಳಸಲು ಅನುಮತಿ ಕೇಳುತ್ತದೆ, ಹೌದು ಎನ್ನಿ. ನಿಮ್ಮ ನಂಬರ್ ನಮಗೆ ಕಾಣುವುದಿಲ್ಲ.’ ಹಿರಿಯರು ಹೆದರಿ ಹಿಂದೆ ಸರಿಯುವುದು ಆ ಮೈಕಿನ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಾಗಲೇ.

ವೈನಿಯವರಿಗೆ ಕೊನೆಗೆ ಎರಡು ಏರ್ಪಾಡು ಮಾಡಿದೆವು. ಹಳೆಯ ಫೋನಿಗೆ ಹೊಸ ಸಿಮ್ ಹಾಕಿ ವಾಟ್ಸ್‌ಆ್ಯಪ್ ಬಿಸಿನೆಸ್, ಅದರ ಲಿಂಕ್ ಹಣ ಕೊಟ್ಟು ಆರ್ಡರ್ ಖಾತ್ರಿ ಮಾಡಿದವರಿಗೆ ಮಾತ್ರ. ಎಲ್ಲರಿಗೂ ಕಾಣುವುದು ಬ್ರೌಸರ್ ಕರೆಯ ಗುಂಡಿ, ಬೆಳಿಗ್ಗೆ ಹನ್ನೊಂದರಿಂದ ಒಂದು, ಸಂಜೆ ನಾಲ್ಕರಿಂದ ಆರು. ಆ ಹಳೆಯ ಫೋನ್ ಅಡುಗೆಮನೆಯ ಕಟ್ಟೆಯ ಮೇಲಿರುತ್ತದೆ, ಆರು ಗಂಟೆಗೆ ಆಫ್. ರಾತ್ರಿಯ ಕರೆಗಳು ನಿಂತವು. ಆರ್ಡರ್ ಮೊದಲಿನ ಮಟ್ಟಕ್ಕೆ ಬರಲು ಸ್ವಲ್ಪ ಕಾಲ ಹಿಡಿಯಿತು, ಆದರೆ ಬಂತು.

ಸಂಕ್ರಾಂತಿಯ ಹಿಂದಿನ ವಾರ ಗುಂಡಿಯಿಂದ ಒಬ್ಬ ಅಜ್ಜಿ ಮಾತಾಡಿದರಂತೆ, ಹೈದರಾಬಾದಿನಿಂದ. ಮೊಮ್ಮಗ ಪುಟ ತೆಗೆದುಕೊಟ್ಟು ಶಾಲೆಗೆ ಹೋಗಿದ್ದಾನೆ. ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕು, ತೆಳ್ಳಗಿರಬೇಕು, ಎಳ್ಳು ಎರಡೂ ಮೈಗೆ ಬೇಡ, ಒಂದೇ ಕಡೆ. ಪುಟದ ಪಟ್ಟಿಯಲ್ಲಿ ಸಜ್ಜಿ ರೊಟ್ಟಿಯೇ ಇರಲಿಲ್ಲ. ಫಾರ್ಮ್ ಆಗಿದ್ದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಅವರು ಕೇಳುತ್ತಲೂ ಇರಲಿಲ್ಲ. ಮಾತಿಗೆ ಮಾತು ಬೆಳೆದು ಅಜ್ಜಿ ಸಿಂದಗಿಯವರೆಂದು ತಿಳಿಯಿತು. “ನಮ್ ಕಡೆಯವ್ರ ಸಿಕ್ಕ್ರಲ್ಲ” ಎಂದು ಅರ್ಧ ಗಂಟೆ ಮಾತಾಡಿದರಂತೆ. ಈಗ ಪಟ್ಟಿಯಲ್ಲಿ ಸಜ್ಜಿ ರೊಟ್ಟಿಯೂ ಇದೆ.

ಕೊನೆಯಲ್ಲೊಂದು ಸಣ್ಣ ಕೆಲಸ. ಈ ಅಂಕಣ ಓದಿದ ಮೇಲೆ ನಿಮ್ಮ ಸಂಘದ ಅಥವಾ ನಿಮ್ಮ ಸ್ವಂತ ಪುಟದ ‘ಸಂಪರ್ಕಿಸಿ’ಯನ್ನು ನೀವೇ ಮೊಬೈಲಿನಲ್ಲಿ ತೆರೆಯಿರಿ. ಅಲ್ಲಿರುವ ನಂಬರಿಗೆ ಕರೆ ಮಾಡಿ, ಫಾರ್ಮಿದ್ದರೆ ತುಂಬಿ ಕಳಿಸಿ, ಗುಂಡಿಯಿದ್ದರೆ ಒತ್ತಿ. ಯಾರು ಎತ್ತಿದರು, ಎಷ್ಟು ಹೊತ್ತಿಗೆ ಎತ್ತಿದರು ಎಂದು ಬರೆದಿಟ್ಟುಕೊಳ್ಳಿ. ಹೊಸ ಗುಂಡಿ ಇಡುವುದಾದರೆ ಅದನ್ನು ಉದ್ಘಾಟಿಸುವ ಮುಂಚೆ ನಿಮ್ಮ ಅಮ್ಮನ ಕೈಗೆ ಫೋನ್ ಕೊಟ್ಟು, ಏನೂ ಹೇಳಿಕೊಡದೆ, ಒತ್ತಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಸರಿಪಡಿಸಿ. ಅವರಿಗೆ ಸಲೀಸಾಯಿತೆಂದರೆ ಉಳಿದವರಿಗೂ ಸಲೀಸಾಗುತ್ತದೆ.